ಜೋಳದ ಹಿಟ್ಟು ತುಂಬಿದ ಫಿಲ್ಟರು

"ಮನಿಯೊಳಗ ಕಂಡದ್ದು ಹೊಸ್ತಿಲಾ ದಾಟಬಾರ್ದು. ಅನ್ನು."

"ದಾಟಸಂಗಿಲ್ಲ ಉಸ್ತಾದ್."

ಮೂವತ್ತು ವರ್ಷದ ಹಿಂದೆ, ಮೋಮಿನಪುರದ ರಿಪೇರಿ ಅಂಗಡಿಯಲ್ಲಿ, ಹತಾರದ ಪೆಟ್ಟಿಗೆಯ ಮೇಲೆ ಕೈಯಿಟ್ಟು ಲಾಲ್ ಅಹ್ಮದ್ ಕೊಟ್ಟ ಮಾತು ಅದು. ಆಗ ಅವನಿಗೆ ಹದಿನೆಂಟು. ಉಸ್ತಾದ್ ಬುರ್ಹಾನುದ್ದೀನ್ ಕನ್ನಡದಲ್ಲಿ ಮಾತಾಡುತ್ತಿದ್ದದ್ದೇ ಸಿಟ್ಟು ನೆತ್ತಿಗೇರಿದಾಗ.

ಅದಕ್ಕೂ ಹತ್ತು ದಿನ ಮೊದಲು ಫ್ರಿಜ್ ರಿಪೇರಿಗೆ ಹೋದ ಮನೆಯಲ್ಲಿ ಹೆಂಗಸೊಬ್ಬಳ ಬೆನ್ನ ಮೇಲೆ ಕಾಸಿದ ಸೌಟಿನ ಬರೆ ಕಂಡಿದ್ದ ಲಾಲ್. ಚಹಾದ ಅಂಗಡಿಯಲ್ಲಿ ಬಾಯಿಬಿಟ್ಟ. ಮಾತು ಓಣಿ ಸುತ್ತಿ ಆಕೆಯ ಗಂಡನ ಕಿವಿಗೆ ಬಿತ್ತು. ಐದನೆಯ ದಿನ ಆಕೆ ಬೆಂದು ಸತ್ತಳು. ಸ್ಟೋವ್ ಸಿಡಿಯಿತು ಎಂದರು.

"ಸ್ಟೋವ್ ಅಲ್ಲಲೇ, ನಿನ್ನ ನಾಲಿಗಿ ಸುಡ್ತು ಆಕೀನ" ಎಂದಿದ್ದರು ಉಸ್ತಾದ್.

ಅಂದಿನಿಂದ ಲಾಲ್ ಅಹ್ಮದ್ ಕಲಬುರಗಿಯ ಎಷ್ಟೋ ಅಡುಗೆಮನೆಗಳ ಒಳಗೆ ಹೋಗಿ ಬಂದಿದ್ದಾನೆ. ಒಂದು ಮನೆಯ ಮಾತನ್ನೂ ಹೊರಗೆ ತಂದವನಲ್ಲ.

ಈಗ ಅವನು ಕಮಲಾಪುರದಲ್ಲಿ, ಬಾಳೆಹಣ್ಣಿನ ವ್ಯಾಪಾರಿ ಗುರುಪ್ರಸಾದನ ಮನೆಯ ಅಡುಗೆಕೋಣೆಯಲ್ಲಿ, ಡಿಶ್‌ವಾಶರಿನ ಮುಂದೆ ಮಂಡಿಯೂರಿ ಕೂತಿದ್ದ. ಮಧ್ಯಾಹ್ನದ ಮೂರು ಗಂಟೆ. ಬಾಗಿಲನ್ನು ಒಂದು ಗೇಣು ತೆಗೆದಿದ್ದ, ಅಷ್ಟೇ. ವಾಸನೆಗೆ ಕುತ್ತಿಗೆ ತಾನಾಗಿಯೇ ಹಿಂದಕ್ಕೆ ಹೋಯಿತು.

ಹಳಸಿದ ಅನ್ನದ ವಾಸನೆಯಲ್ಲ ಅದು. ಮಟನ್ ಅಂಗಡಿಯ ಹಿಂದಿನ ಮೋರಿಯ ವಾಸನೆ. ಈ ಮನೆಯಲ್ಲಿ ತತ್ತಿಯನ್ನೂ ಒಡೆಯುವುದಿಲ್ಲ.

"ಎಷ್ಟು ದಿನ ಆತ್ರಿ ಅವ್ವಾರ, ಬಂದ್ ಬಿದ್ದು?"

ಗುರುಪ್ರಸಾದನ ತಾಯಿ ಲಲಿತಾಬಾಯಿ ಒಲೆಯ ಪಕ್ಕದ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಲಿಲ್ಲ.

"ಒಂಬತ್ತು."

ಕೋಟನೂರಿನ ಹೊರಗೆ ಕಲ್ಲಿನ ಖಣಿಯಲ್ಲಿ ಹೆಂಗಸಿನ ಹೆಣ ಸಿಕ್ಕು ಎಂಟು ದಿನವಾಗಿತ್ತು.

ಆ ಹೆಣಕ್ಕೆ ಮುಖವಿರಲಿಲ್ಲ. ಜಜ್ಜಿ ಹಿಟ್ಟು ಮಾಡಿದ್ದರು. ಗುರುಪ್ರಸಾದನ ಹೆಂಡತಿ ಶೀಲಾ ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನು ಅವಳ ಅಣ್ಣ. ತವರಿಗೆ ಹೋಗುತ್ತೇನೆಂದು ಬಸ್ ಹತ್ತಿದಳು, ಆ ಹೆಣ ನನ್ನ ಹೆಂಡತಿಯದಲ್ಲ ಎಂದು, ಎರಡು ಸಲ ಮನೆಗೆ ಬಂದ ಪೊಲೀಸರಿಗೆ ಗುರುಪ್ರಸಾದ ಬರೆದುಕೊಟ್ಟಿದ್ದ. ಗುರುತಿನ ವರದಿ ಇನ್ನೂ ಬಂದಿರಲಿಲ್ಲ.

ಮೊನ್ನೆ ಕಲಬುರಗಿಯ ಠಾಣೆಗೆ ಲಾಲ್‌ನನ್ನು ಕರೆಸಿ, ಪಿಎಸ್‌ಐ ಶಿವಕಾಂತಮ್ಮ ಶೀಲಾಳ ಫೋಟೋ ಮುಂದಿಟ್ಟಿದ್ದರು.

"ಈಕಿ ಮೊಬೈಲ್‌ದಾಗ ನಿಮ್ಮ ನಂಬರ್ ನಾಕು ಸಲ ಅದ. ಯಾಕ?"

"ಡಿಶ್‌ವಾಶರ್ ರಿಪೇರಿಗ್ರಿ ಮೇಡಂ."

"ನಾಕು ತಿಂಗಳದಾಗ ನಾಕು ಸಲ ಕೆಡ್ತದೇನ್ರಿ ಅದು? ನಮ್ಮ ಜೀಪೇ ವಾಸಿ ಆತಲ್ಲ."

"ಬೋರಿನ ನೀರ್ರಿ. ಸುಣ್ಣ ಹಿಡೀತದ."

"ಆ ಮನ್ಯಾಗ ಏನರ ನೋಡೀರೇನು?"

"ನಾ ಮಿಷಿನ್ ನೋಡ್ತೀನ್ರಿ. ಮಂದಿ ಮಾರಿ ನೋಡಂಗಿಲ್ಲ."

ಶಿವಕಾಂತಮ್ಮ ಫೋಟೋದಲ್ಲಿ ನಗುತ್ತಿದ್ದ ಶೀಲಾಳ ಬಾಯಿಯ ಮೇಲೆ ಪೆನ್ನಿನ ತುದಿ ಇಟ್ಟರು. ಮೇಲಿನ ಸಾಲಿನ ಒಂದು ಹಲ್ಲಿಗೆ ಬೆಳ್ಳಿ ಬಣ್ಣದ ಕ್ಯಾಪ್.

"ಹೆಣದ ಬಾಯಾಗ ಈ ಹಲ್ಲಿಲ್ಲ. ಇದು ಎಲ್ಲಿ ಬಿದ್ದದೋ, ಆಕಿ ಅಲ್ಲೇ ಸತ್ತಾಳ. ನೆನಪಾದ್ರ ಫೋನ್ ಹಚ್ರಿ."

ಮರೆತಿದ್ದರಲ್ಲವೇ ಅವನಿಗೆ ನೆನಪಾಗುವುದು.

ನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ ಕೂತು, ನೀರು ಚಿಮ್ಮುವ ರೆಕ್ಕೆಯ ತೂತುಗಳನ್ನು ಸೂಜಿಯಿಂದ ಬಿಡಿಸುತ್ತಿದ್ದಾಗ ಶೀಲಾ ನೀರು ತಂದುಕೊಟ್ಟಿದ್ದಳು. ಕುಪ್ಪಸದ ತೋಳು ಮೇಲೆ ಸರಿದಿತ್ತು. ಮೊಣಕೈಯಿಂದ ಮುಂಗೈವರೆಗೆ ಬೆರಳಿನ ಗುರುತು, ಕಪ್ಪಗೆ.

"ಲಾಲ್ ಭಾಯ್, ನಮ್ಮಣ್ಣ ಜೇವರ್ಗಿ ಕಾಲೋನ್ಯಾಗ ಇರ್ತಾನ. ನಾ ಅವಗ ಫೋನ್ ಮಾಡಿದ್ರ ಇವ್ರಿಗೆ ಗೊತ್ತಾಗ್ತದ. ನೀವ ಹೋಗಿ ಒಂದ್ ಮಾತು ಹೇಳ್ರಿ. ಬಂದು ಕರ್ಕೊಂಡ್ ಹೋಗಂತ."

"ಇದು ಮನಿ ಮಾತದ ತಂಗಿ. ನಾ ಹೊರಗ ಒಯ್ಯಂಗಿಲ್ಲ."

ಆಮೇಲೆ ಅವಳು ನಾಲ್ಕು ಸಲ ಫೋನ್ ಮಾಡಿದ್ದು ನಿಜ. ನಾಲ್ಕು ಸಲವೂ ಅವನು ಕೇಳಿದ್ದು ಒಂದೇ: "ಮಿಷಿನ್ ಕೆಟ್ಟದೇನು?"

"ಮಿಷಿನ್ ಕೆಟ್ಟಿಲ್ಲ ಭಾಯ್."

ನಾಲ್ಕು ಸಲವೂ ಕಟ್ ಮಾಡಿದ್ದ.

*

ಪ್ಲಗ್ ಕಿತ್ತ. ನೀರಿನ ನಲ್ಲಿ ಬಂದ್ ಮಾಡಿದ. ಕೆಳಗಿನ ಟ್ರೇ ಎಳೆದು ಹೊರಗಿಟ್ಟ.

ತಳದಲ್ಲಿ ಮೂರು ಬೆರಳು ನೀರು ನಿಂತಿತ್ತು. ಕೊಳೆತ ಹುಣಸೆ ಹುಳಿಯ ಬಣ್ಣ, ಮೇಲೆ ಕೆನೆ. ಮಗ್ಗಿನಿಂದ ತೋಡಿ ಬಕೆಟ್ಟಿಗೆ ಸುರಿದ. ನೀರು ಹೊರಹಾಕುವ ಪೈಪು ಎಲ್ಲೂ ಮಡಚಿರಲಿಲ್ಲ. ಹಾಗಿದ್ದರೆ ಕಟ್ಟಿಕೊಂಡಿದ್ದು ಒಳಗೇ.

ನೀರು ಚಿಮ್ಮುವ ರೆಕ್ಕೆಯನ್ನು ಬಿಚ್ಚಿ ಮಗುಚಿದ. ಅಡಿಯಲ್ಲಿ ಕಂದು ಎಳೆಗಳು ಹೆಪ್ಪುಗಟ್ಟಿದ್ದವು. ಉಗುರಿನಿಂದ ಕೆರೆದ. ಬೆಂದ ತತ್ತಿಯ ಬಿಳಿಯಂತೆ ಪದರವಾಗಿ ಎದ್ದಿತು.

ರಕ್ತ ತಣ್ಣೀರಿಗೆ ಹೋಗುತ್ತದೆ. ಬಿಸಿನೀರು ಬಿದ್ದರೆ ಬೆಂದು ಕೂರುತ್ತದೆ. ಇದು ಮುಟ್ಟಿನ ಬಟ್ಟೆ ತೊಳೆಯುವ ಯಾವ ಹೆಂಗಸಿಗೂ ಗೊತ್ತು. ಈ ಮಿಷಿನಿನ ಗುಂಡಿ ಎಪ್ಪತ್ತು ಡಿಗ್ರಿಯ ಮೇಲೆ ನಿಂತಿತ್ತು; ಹಾಗೆ ಹಚ್ಚಿದವರು ಹೆಂಗಸಲ್ಲ.

ಲಾಲ್ ತಿರುಗಿ ನೋಡಿದ. ಲಲಿತಾಬಾಯಿ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಮತ್ತೊಂದು ಉಂಡೆ ತಿಕ್ಕತೊಡಗಿದ್ದರು. ಒಲೆಯ ಮತ್ತೊಂದು ಉರಿಯ ಮೇಲೆ ಹಿಟ್ಟಿಗೆ ಹಾಕುವ ಎಸರು ಮರಳುತ್ತಿತ್ತು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಹತ್ತು ಜನಕ್ಕಾಗುವಷ್ಟು ರೊಟ್ಟಿ ಆಗಲೇ ಬುಟ್ಟಿಯಲ್ಲಿತ್ತು.

ಫಿಲ್ಟರಿಗೆ ಕೈ ಹಾಕಿದ. ತಿರುಗಿಸುವ ಮೊದಲೇ ಕೈಗೆ ಬಂತು. ಯಾರೋ ಅದನ್ನು ಅರ್ಧ ಬಿಚ್ಚಿ ಹಾಗೇ ಬಿಟ್ಟಿದ್ದರು.

ಜಾಲರಿ ಕಾಣಿಸಲಿಲ್ಲ. ಬಿಳಿ ಮುದ್ದೆ. ಮೇಲೆ ಹುಳಿತು ಹಸಿರಾಗಿತ್ತು, ಒಳಗೆ ಇನ್ನೂ ಗಟ್ಟಿ. ಬೆರಳಲ್ಲಿ ಹಿಸುಕಿದ. ಜೋಳದ ಹಿಟ್ಟು.

ಈ ಕಡೆಯ ಮನೆಗಳಲ್ಲಿ ಡಿಶ್‌ವಾಶರ್ ಹೊಸದಾಗಿ ಬಂದಾಗ ಎಲ್ಲರೂ ಮಾಡುವ ತಪ್ಪು ಅದು. ಹಿಟ್ಟು ನಾದಿದ ಪರಾತವನ್ನು ಹಾಗೇ ಒಳಗಿಡುತ್ತಾರೆ. ಬಿಸಿನೀರು ತಾಗಿ ಜೋಳದ ಹಿಟ್ಟು ಅಂಟಾಗಿ ಫಿಲ್ಟರಿಗೆ ಗಾರೆ ಹಾಕಿದಂತೆ ಕೂರುತ್ತದೆ. ಆದ್ದರಿಂದಲೇ ಹೊಸ ಮಿಷಿನ್ ಕೂರಿಸಿದಲ್ಲೆಲ್ಲ ಲಾಲ್ ಹೇಳುವ ಮೊದಲ ಮಾತು, ಪಲ್ಯದ ಬಾಣಲಿ ಹಾಕ್ರಿ, ಸಾರಿನ ಗಡಗಿ ಹಾಕ್ರಿ, ಹಿಟ್ಟಿನ ಪರಾತ ಮಾತ್ರ ಕೈಲೇ ತೊಳೀರಿ. ಲಲಿತಾಬಾಯಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಹಾಗಾದರೆ ಪರಾತ ಹಾಕಿದವನು ಗುರುಪ್ರಸಾದ. ಅಡುಗೆಮನೆ ಗೊತ್ತಿಲ್ಲದ ಗಂಡಸು.

ಮುದ್ದೆಯನ್ನು ತೆಗೆದು ಬಕೆಟ್ಟಿಗೆ ಹಾಕುತ್ತ ಹೋದ. ಒಂದು ಹಿಡಿ. ಎರಡು. ಐದು. ಎಂಟು. ಲಾಲ್‌ನ ಕೈ ನಿಂತಿತು.

ಪರಾತಕ್ಕೆ ಅಂಟಿದ್ದು ಒಂದು ಹಿಡಿಯೂ ಆಗುವುದಿಲ್ಲ. ಇದು ಎರಡು ಸೇರು. ನಾದಿದ್ದಲ್ಲ, ಒಣ ಹಿಟ್ಟು. ಯಾರೋ ಫಿಲ್ಟರ್ ಬಿಚ್ಚಿ, ಬೇಕೆಂದೇ ಸುರಿದಿದ್ದರು.

ಪಂಪಿನ ಮುಚ್ಚಳ ಎತ್ತಿ ಒಳಗೆ ಬೆರಳಿಟ್ಟ. ನೀರು ತಳ್ಳುವ ಸಣ್ಣ ಚಕ್ರ ತಿರುಗಲಿಲ್ಲ. ಏನೋ ಗಟ್ಟಿ ವಸ್ತು ಎಸಳಿನ ನಡುವೆ ಸಿಕ್ಕಿತ್ತು. ಚಿಮಟದಿಂದ ಹಿಡಿದು ಎಳೆದ.

ಅಂಗೈಯಲ್ಲಿ ಹಲ್ಲು. ಬೇರಿನ ಸಮೇತ. ಮೇಲೆ ಬೆಳ್ಳಿ ಬಣ್ಣದ ಕ್ಯಾಪ್.

"ಸಿಕ್ತೇನಪಾ?" ಲಲಿತಾಬಾಯಿ ಕೇಳಿದರು. ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

ಲಾಲ್ ಅಂಗೈಯನ್ನು ಅವರತ್ತ ಹಿಡಿದ.

"ಮಸಾಲಿ ಕುಟ್ಟೋ ಖಲಬತ್ತದ ಗುಂಡಿಲೇ ಹೊಡದ ನನ್ನ ಮಗಾ. ಇಲ್ಲೇ. ಆಕಿ ಬಾಗಿಲಾ ತಗದು ಮಿಷಿನಿನಾಗ ಭಾಂಡೆ ಹೊಂದಿಸಿಕೋತ ನಿಂತಿದ್ಲು. ಎಷ್ಟ್ ಹೊಡದಾನ ಅಂದ್ರ, ಗುಂಡು ಜಾರಿ ಕೈಯಿಂದ ಬಿತ್ತು, ಮತ್ತ ಎತ್ಕೊಂಡ. ಆಮ್ಯಾಲ ಗುಂಡು, ತಾಟು, ವಾಟಗ ಎಲ್ಲಾ ಇದ್ರಾಗ ತುಂಬಿ ಚಾಲೂ ಮಾಡಿ, ಆಕೀನ ಜೀಪಿಗೆ ಹಾಕಾಕ ಹ್ವಾದ." ಲಲಿತಾಬಾಯಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನಡಕ ಬಾಗಿಲಾ ತಗದ್ರ ಮಿಷಿನ್ ನಿಲ್ತದ ಅಂತ ನೀನ ಹೇಳಿದ್ದಿ. ತಗದೆ. ಫಿಲ್ಟರ್ ಬಿಚ್ಚಿ ಹಿಟ್ಟು ಡಬ್ಬಿ ಡಬ್ಬೀನೇ ಸುರುವಿದೆ. ನೀರು ಹೊರಗ ಹೋಗಬಾರ್ದಂತ."

"ಪೊಲೀಸ್ರು ಎರಡು ಸಲ ಬಂದ್ರಲ್ರಿ ಅವ್ವಾರ. ಹೇಳಬಾರ್ದೇನ್ರಿ?"

"ಹಡದೀನಪಾ. ಬಾಯಿ ಬರಂಗಿಲ್ಲ." ದನಿ ಅಳುತ್ತಿರಲಿಲ್ಲ, ಬರಿದಾಗಿತ್ತು. "ಪೊಲೀಸ್ರ ಕಣ್ಣಿಗೆ ಬೀಳ್ತದಂತ ಇಷ್ಟ್ ದಿನ ಮಿಷಿನ್ ಅಲ್ಲಾಡಿಸಿಲ್ಲ. ನಾಳಿಗೆ ಟೆಂಪೋ ತರಸ್ತಾನ, ಒಯ್ದು ಒಗೀತಾನ. ಅದಕ್ಕ ಇವತ್ತ ನಿನಗ ಫೋನ್ ಮಾಡಿದೆ. ಹಿಟ್ಟು ನಾ ಹಾಕಿದ್ದು ಅಂತ ಅವಗ ಗೊತ್ತಾತಂದ್ರ ನನ್ನೂ ಬಿಡಂಗಿಲ್ಲ."

ಅಂಗಳದಲ್ಲಿ ಜೀಪು ನಿಂತಿತು.

ಲಲಿತಾಬಾಯಿ ಮತ್ತೆ ಕಟ್ಟೆಗೆ ತಿರುಗಿದರು. ಟಪ್, ಟಪ್, ಟಪ್. ಲಾಲ್ ಸುತ್ತ ನೋಡಿದ. ಜೇಬು, ಪೆಟ್ಟಿಗೆ, ಎಲ್ಲವೂ ಹುಡುಕುವ ಜಾಗಗಳೇ. ಹಲ್ಲನ್ನು ಬಾಯಿಗೆ ಹಾಕಿ, ದಿನವೂ ಅಡಿಕೆ ಇಡುವ ದವಡೆಯ ಸಂದಿಗೆ ಒತ್ತಿದ.

*

ಗುರುಪ್ರಸಾದ ಬಾಗಿಲಲ್ಲಿ ನಿಂತ. ಅಂಗಿಯ ಮೇಲೆ ಬಾಳೆಯ ಕರೆ. ಮೊದಲು ಮಿಷಿನ್ ನೋಡಿದ, ಆಮೇಲೆ ತಾಯಿಯನ್ನು, ಕೊನೆಗೆ ಲಾಲ್‌ನನ್ನು.

"ಏನೋ ಮಿಸ್ತ್ರಿ. ಯಾರ್ ಕರದಾರ ನಿನಗ?"

"ಯಾರೂ ಇಲ್ರಿ ಸಾವ್ಕಾರ್ರ. ಸರ್ವಿಸಿನ ತಾರೀಕು ಆಗಿತ್ತು. ಹಾದಿ ಮ್ಯಾಲೆ ಬಂದಿದ್ದೆ."

"ಕಲಬುರಗಿಯಿಂದ ಹಾದಿ ಮ್ಯಾಲೆ." ಗುರುಪ್ರಸಾದ ನಕ್ಕ. "ಏನಾಗ್ಯಾದ ಅದಕ್ಕ?"

"ಬೋರಿನ ನೀರ್ರಿ. ಸುಣ್ಣ ಕಟ್ಟೇದ. ಮಿಷಿನಿಗೆ ಹಾಕೋ ಉಪ್ಪು ಹಾಕಿಲ್ಲ ನೀವು."

"ಬಾಯಾಗ ಏನದ?"

"ಅಡಿಕಿರಿ."

ಗುರುಪ್ರಸಾದ ಎರಡು ಹೆಜ್ಜೆ ಒಳಗೆ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದ. ಅಲ್ಲೇ ಬಿದ್ದಿದ್ದ, ನಟ್ಟು ತಿರುಗಿಸುವ ದೊಡ್ಡ ಪಾನಾದಿಂದ ಮುದ್ದೆಯನ್ನು ಕೆದಕಿದ.

"ಸುಣ್ಣ ಅಂದಿ. ಇದು ಹಿಟ್ಟದಲ್ಲ."

ಈಗ ಹೇಳುವ ಒಂದು ಮಾತು ತಪ್ಪಿದರೂ ಹಿಂದಿರುವ ಮುದುಕಿ ಉಳಿಯುವುದಿಲ್ಲ.

"ಅದೂ ಅದರಿ. ಹಿಟ್ಟಿನ ಪರಾತ ಒಳಗಿಟ್ಟೀರಿ ಸಾವ್ಕಾರ್ರ. ಎಲ್ಲಾರೂ ಮಾಡೋ ತಪ್ಪು. ನಮ್ಮ ಮನ್ಯಾಗ ನಾನೂ ಬೈಸ್ಕೊಂಡೀನಿ."

"ನಾ ಪರಾತ ಹಾಕಿಲ್ಲ."

ಅಂದ ಮೇಲೆ ಗುರುಪ್ರಸಾದನಿಗೇ ಅದು ಕೇಳಿಸಿತು. ಒಳಗೆ ಏನೇನು ಹಾಕಿದ್ದೆನೆಂದು ಬಲ್ಲವನು ಮಾತ್ರ ಆಡಬಹುದಾದ ಮಾತು ಅದು. ಎಸರು ಕುದಿಯುವ ಸದ್ದು ದೊಡ್ಡದಾಯಿತು.

ಗುರುಪ್ರಸಾದ ನಿಧಾನ ತಾಯಿಯ ಕಡೆ ತಿರುಗಿದ.

"ಅವ್ವಾ. ಇಷ್ಟು ಹಿಟ್ಟು ಯಾರ್ ಹಾಕಿದ್ದು?"

"ಅವ್ವಾರಿಗೇನ್ ಗೊತ್ರಿ ಪಾಪ" ಎಂದ ಲಾಲ್. "ವಯಸ್ಸಾಗ್ಯಾದ, ಕೈ ತಪ್ಪಿ..."

"ನಿನಗ ಕೇಳಿಲ್ಲ."

ಲಲಿತಾಬಾಯಿ ಬಡಿಯುತ್ತಿದ್ದ ರೊಟ್ಟಿಯನ್ನು ಪೂರ್ತಿ ದುಂಡಗೆ ಮಾಡಿದರು. ಆಮೇಲೆ ಹೇಳಿದರು.

"ನಾನ."

ಗುರುಪ್ರಸಾದ ತಾಯಿಯ ಬಲಗೈ ಮಣಿಕಟ್ಟು ಹಿಡಿದು, ಅಂಗೈಯನ್ನು ಕಾದ ಹಂಚಿನ ಮೇಲೆ ಒತ್ತಿದ. ಚರ್ಮ ಚುರ್ ಎಂದಿತು. ಲಲಿತಾಬಾಯಿಯ ಬಾಯಿಂದ ಬಂದದ್ದು ಕೂಗಲ್ಲ, ಎದೆಯೊಳಗಿನ ಗಾಳಿಯೆಲ್ಲ ಒಮ್ಮೆಗೇ ಹೊರಬಿದ್ದ ಶಬ್ದ.

ಲಾಲ್ ಎದ್ದು ಅವನ ಮೇಲೆ ಬಿದ್ದ. ತಾಯಿಯ ಕೈ ಹಂಚಿನಿಂದ ಬಿಡಿಸಿಕೊಂಡಿತು. ಅಷ್ಟರಲ್ಲಿ ಗುರುಪ್ರಸಾದನ ಇನ್ನೊಂದು ಕೈಯಲ್ಲಿದ್ದ ಪಾನಾ ಬೀಸಿ ಬಂತು.

ದವಡೆಗೆ ಬಿದ್ದ ಪೆಟ್ಟು ಕಿವಿಯವರೆಗೂ ಬಿಳಿ ಬೆಳಕಾಯಿತು. ಲಾಲ್ ಮಿಷಿನಿನ ತೆರೆದ ಬಾಗಿಲ ಮೇಲೆ ಬಿದ್ದ. ಬಾಗಿಲಿನ ಕೀಲು ಮುರಿಯಿತು. ಎರಡನೆಯ ಪೆಟ್ಟು ಭುಜಕ್ಕೆ. ಮೂರನೆಯದು ಪಕ್ಕೆಗೆ, ಒಳಗೆ ಏನೋ ಕಡ್ಡಿಯಂತೆ ಮುರಿದ ಸದ್ದು ಅವನಿಗೇ ಕೇಳಿಸಿತು. ಕೆಮ್ಮಿದ. ಬಾಯಿಂದ ರಕ್ತದ ಜೊತೆ ಫರಸಿಯ ಮೇಲೆ ಮೂರು ಹಲ್ಲು ಬಿದ್ದವು.

ಎರಡು ಅವನವು.

ಗುರುಪ್ರಸಾದನ ಕಣ್ಣು ಮೂರನೆಯದರ ಮೇಲೆ ನಿಂತಿತು. ರಕ್ತದ ನಡುವೆ ಕ್ಯಾಪ್ ಹೊಳೆಯುತ್ತಿತ್ತು.

"ಅಡಿಕಿ ಅಂದ್ಯಲ್ಲೋ" ಎಂದ, ಮೆಲ್ಲಗೆ. ಪಾನಾವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿದ.

ಆಗ ಲಲಿತಾಬಾಯಿ ಎಡಗೈಯಿಂದ ಎಸರಿನ ಪಾತ್ರೆ ಎತ್ತಿ ಮಗನ ಕುತ್ತಿಗೆಯ ಮೇಲೆ ಸುರಿದರು.

ಅವನ ಕಿರುಚಾಟಕ್ಕೆ ಹಿತ್ತಲಿನ ಕಾಗೆಗಳು ಎದ್ದವು. ಅಂಗಿ ಬೆನ್ನಿಗೆ ಅಂಟಿತ್ತು, ಕಿತ್ತುಕೊಳ್ಳಲು ಹೋದಲ್ಲಿ ಚರ್ಮವೂ ಬಂತು. ಕುರುಡನಂತೆ ಪಾನಾ ಬೀಸುತ್ತ ಗೋಡೆಗೆ ಬಡಿದ, ಕಟ್ಟೆಗೆ ಬಡಿದ, ರೊಟ್ಟಿಯ ಬುಟ್ಟಿ ಉರುಳಿತು.

"ಓಡೋ ಲಾಲ್" ಎಂದರು ಲಲಿತಾಬಾಯಿ. "ಅದನ್ನ ತಗೊಂಡ್ ಓಡು."

ಲಾಲ್ ತೆವಳಿ ಹಲ್ಲನ್ನು ಮುಷ್ಟಿಯಲ್ಲಿ ಹಿಡಿದ. ಹಿತ್ತಲ ಬಾಗಿಲು ದಾಟಿ ಹೊರಗೆ ಬಿದ್ದ.

"ನೀವೂ ಬರ್ರಿ ಅವ್ವಾರ."

ಉತ್ತರಕ್ಕೆ ಬಾಗಿಲು ಮುಚ್ಚಿತು. ಒಳಗಿನಿಂದ ಅಗಳಿ ಬಿತ್ತು. ಮಗ ಬೆನ್ನು ಹತ್ತದಿರಲೆಂದು ಲಲಿತಾಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದರು. ಮಗನೊಂದಿಗೆ ಒಳಗೇ.

*

ಹಿತ್ತಲಿನಲ್ಲಿ ಬಾಳೆಯ ಗೊನೆ ತೂಗುವ ಕಟ್ಟೆಗೆ ಒರಗಿ ಲಾಲ್ ಫೋನ್ ತೆಗೆದ. ಬೆರಳು ರಕ್ತಕ್ಕೆ ಜಾರಿ ಎರಡು ಸಲ ತಪ್ಪು ಹೆಸರು ಒತ್ತಿದ. ಮೂರನೆಯ ಸಲ ಶಿವಕಾಂತಮ್ಮನ ನಂಬರು ಸಿಕ್ಕಿತು.

"ಹೇಳ್ರಿ ಲಾಲ್ ಅಹ್ಮದ್ ಅವ್ರ."

ಒಮ್ಮೆ ಮಾತಾಡಿದ್ದಕ್ಕೆ ಒಬ್ಬಳು ಬೆಂದು ಸತ್ತಿದ್ದಳು. ಮಾತಾಡದೆ ಇದ್ದದ್ದಕ್ಕೆ ಇನ್ನೊಬ್ಬಳ ಹಲ್ಲು ಮುಷ್ಟಿಯಲ್ಲಿತ್ತು. ಮೂರನೆಯವಳು ಬಾಗಿಲ ಆಚೆ ಇದ್ದಳು.

"ಲಾಲ್ ಅಹ್ಮದ್ ಅವ್ರ? ಮಿಷಿನ್ ಬಗ್ಗಿ ಇದ್ರ ನನಗ ಟೈಮಿಲ್ರಿ."

"ಮಿಷಿನ್ ಅಲ್ರಿ ಮೇಡಂ." ಮುರಿದ ದವಡೆಯಲ್ಲಿ ಅಕ್ಷರಗಳು ನುಜ್ಜಾಗಿ ಬಂದವು. "ಶೀಲಾನ ಹಲ್ಲು ನನ್ನ ಕೈಯಾಗ ಅದ. ಕಮಲಾಪುರದ ಮನ್ಯಾಗ, ಮಿಷಿನಿನ ಪಂಪಿನಾಗ ಇತ್ತು. ಹೊಡದಾಂವ ಗುರುಪ್ರಸಾದ. ಖಲಬತ್ತದ ಗುಂಡಿಲೇ. ಅಡಗಿಮನ್ಯಾಗ. ನೋಡಿದಾಕಿ ಅವನ ತಾಯಿ. ನನಗ ಶೀಲಾ ನಾಕು ತಿಂಗಳ ಹಿಂದೇ ಕೈ ತೋರ್ಸಿದ್ಲು. ಅಣ್ಣಗ ಹೇಳ್ರಿ ಅಂದಿದ್ಲು. ನಾಕು ಸಲ ಫೋನ್ ಮಾಡಿದ್ಲು. ನಾ ಹೇಳಲಿಲ್ಲ. ನಿಮ್ಗೂ ಸುಳ್ಳು ಹೇಳಿದೆ."

ಆ ಕಡೆ ಕುರ್ಚಿ ಸರಿದ ಸದ್ದು.

"ತಾಯಿ ಈಗ ಎಲ್ಲಿದಾರ?"

"ಒಳಗ. ಅವನ ಜೋಡಿ."

"ಇಲ್ಲಿಂದ ಬರಾಕ ಮುಕ್ಕಾಲು ತಾಸು ಬೇಕು. ಕಮಲಾಪುರ ಠಾಣೆಗೆ ಹೇಳ್ತೀನಿ, ಅವ್ರು ಜಲ್ದಿ ಬರ್ತಾರ. ಫೋನ್ ಕಟ್ ಮಾಡಬ್ಯಾಡ್ರಿ. ಏನ್ ಕೇಳಸ್ತದ ಹೇಳ್ರಿ."

ಲಾಲ್ ಕಿವಿಗೊಟ್ಟ. ಇಷ್ಟು ಹೊತ್ತು ಕಿರುಚುತ್ತಿದ್ದ ಗುರುಪ್ರಸಾದ ಸುಮ್ಮನಾಗಿದ್ದ. ಲಲಿತಾಬಾಯಿ ಏನೋ ಹೇಳುತ್ತಿದ್ದರು, ಮಗುವಿಗೆ ಹೇಳುವಷ್ಟು ಸಣ್ಣ ದನಿಯಲ್ಲಿ. ಆಮೇಲೆ ಕಬ್ಬಿಣ ಬೀಸಿದ ಶಬ್ದ. ಒಂದು ಸಲ. ಎರಡು. ಮೂರು. ಪ್ರತಿ ಪೆಟ್ಟೂ ಹಸಿ ಹಿಟ್ಟಿನ ಮೇಲೆ ಬಿದ್ದಂತೆ ಮೆತ್ತಗೆ.

"ಯಾರೋ ಯಾರಿಗೋ ಹೊಡ್ಯಾಕತ್ತಾರ್ರಿ."

"ಯಾರು ಯಾರಿಗೆ?"

ಅವನಿಗೆ ಗೊತ್ತಾಗಲಿಲ್ಲ.

ಬಾಗಿಲ ಹಿಂದೆ ಕಾಲೆಳೆಯುವ ಸದ್ದು ಹತ್ತಿರ ಬಂತು. ಒಳಗಿನಿಂದ ಅಗಳಿ ಸರಿಯತೊಡಗಿತು.

ಬಾಗಿಲು ತೆರೆಯುವವರು ಯಾರೇ ಆಗಲಿ, ಲಾಲ್ ಅಹ್ಮದ್ ಉಸ್ತಾದರಿಗೆ ಕೊಟ್ಟಿದ್ದ ಮಾತನ್ನು ಆಗಲೇ ಮುರಿದಿದ್ದ.